ಲಾಸ್ ಅಷ್ಟೇ ಇದ್ದರೂ ಫೇಸ್ ಟ್ರಾನ್ಸಿಷನ್ ಹತ್ತಿರ ಸಿಸ್ಟಮ್ ಸೆಟ್ಲ್ ಆಗಲು ಇಷ್ಟು ಹೊತ್ತು ಯಾಕೆ?

ಕೊಣಾಜೆ ಗುಡ್ಡೆ:

ಎಲ್ಲರಿಗೂ ನಮಸ್ಕಾರ. ಮಂಗಳೂರಲ್ಲಿ ಎಂಎಸ್ಸಿ ಫಿಸಿಕ್ಸ್ ಮಾಡುತ್ತಿದ್ದೇನೆ. ಪ್ರಾಜೆಕ್ಟಿಗೆ ಓಪನ್ ಕ್ವಾಂಟಮ್ ಸಿಸ್ಟಮ್, ಅಂದರೆ ಹೊರಗಿನ ಪರಿಸರದ ಜೊತೆ ಸೇರಿಕೊಂಡಿರುವ ಸಿಸ್ಟಮ್, ತಗೊಂಡಿದ್ದೇನೆ. ಒಂದು ಪ್ರಶ್ನೆ ತಲೆಯಿಂದ ಹೋಗುತ್ತಲೇ ಇಲ್ಲ, ಇಲ್ಲಿ ಗೊತ್ತಿರುವವರು ಇದ್ದಾರೆ ಅಂತ ಕೇಳುತ್ತಿದ್ದೇನೆ.

ಮಾಡೆಲ್ ದೊಡ್ಡದೇನಲ್ಲ, ಒಂದು ಕೆರ್ ಕ್ಯಾವಿಟಿ, ಅಂದರೆ ಬೆಳಕನ್ನು ಹಿಡಿದಿಡುವ ಪೆಟ್ಟಿಗೆ, ಒಳಗೆ ಬೆಳಕು ಜಾಸ್ತಿಯಾದ ಹಾಗೆ ಅದರ ಫ್ರೀಕ್ವೆನ್ಸಿ ಸರಿಯುತ್ತದೆ. ಒಳಗೆ ಫೋಟಾನ್‌ಗಳು. ಎರಡು ಫೋಟಾನ್ ಒಟ್ಟಿಗೆ ಇದ್ದರೆ ಯು ಅಷ್ಟು ಎನರ್ಜಿ ಜಾಸ್ತಿ. ಹೊರಗಿನಿಂದ ಲೇಸರ್ ಡ್ರೈವ್, ಅದರ ಬಲ ಎಫ್. ಲೇಸರಿನ ಫ್ರೀಕ್ವೆನ್ಸಿ ಕ್ಯಾವಿಟಿಯದ್ದಕ್ಕಿಂತ ಡೆಲ್ಟಾದಷ್ಟು ಮೇಲೆ. ಮತ್ತೆ ಫೋಟಾನ್‌ಗಳು ಗಾಮಾ ದರದಲ್ಲಿ ಹೊರಗೆ ಸೋರುತ್ತವೆ. ಇದನ್ನು ಕ್ಯೂಟಿಪ್ ಅನ್ನುವ ಸಿಮ್ಯುಲೇಷನ್ ಸಾಫ್ಟ್‌ವೇರಿನಲ್ಲಿ ಹಾಕಿ, ಖಾಲಿ ಕ್ಯಾವಿಟಿಯಿಂದ ಶುರು ಮಾಡಿ, ಫೋಟಾನ್ ಸಂಖ್ಯೆ ಹೇಗೆ ಬದಲಾಗುತ್ತದೆ ಅಂತ ನೋಡುತ್ತಿದ್ದೇನೆ.

ಎಫ್ ಕಡಿಮೆ ಇದ್ದರೆ ಬೇಗ ಸೆಟ್ಲ್ ಆಗುತ್ತದೆ. ಎಫ್ ತುಂಬ ಜಾಸ್ತಿ ಇದ್ದರೂ ಹಾಗೆಯೇ. ಮಧ್ಯದಲ್ಲಿ ಒಂದು ಜಾಗದಲ್ಲಿ ಮಾತ್ರ ಕರ್ವ್ ಮೊದಲು ಚಪ್ಪಟೆಯಾಗುತ್ತದೆ, ಮುಗಿಯಿತು ಅಂತ ಅನ್ನಿಸುತ್ತದೆ, ಆದರೆ ಜೂಮ್ ಮಾಡಿ ನೋಡಿದರೆ ಅದು ಇನ್ನೂ ಏರುತ್ತಲೇ ಇರುತ್ತದೆ. ಅದೇ ಎಫ್‌ಗೆ ತುಂಬಿದ ಕ್ಯಾವಿಟಿಯಿಂದ ಶುರು ಮಾಡಿದರೆ ಬೇರೆಯೇ ಎತ್ತರದಲ್ಲಿ ಚಪ್ಪಟೆಯಾಗಿ, ಅಲ್ಲಿಂದ ನಿಧಾನಕ್ಕೆ ಇಳಿಯುತ್ತದೆ. ಆದರೆ ಪುಸ್ತಕದಲ್ಲಿ ಈ ಮಾಡೆಲಿಗೆ ಒಂದೇ ಸ್ಟೆಡಿ ಸ್ಟೇಟ್ (ಕೊನೆಗೆ ನೆಲೆಯಾಗುವ ಸ್ಥಿತಿ) ಅಂತ ಉಂಟು.

ಗಾಮಾ ಬದಲಾಗಿಲ್ಲ. ಫೋಟಾನ್ ಸೋರುವ ವೇಗ ಅಷ್ಟೇ. ಮತ್ತೆ ಈ ನಿಧಾನ ಎಲ್ಲಿಂದ ಬಂತು? ಇನ್ನೊಂದು, ಯು ಕಡಿಮೆ ಮಾಡಿದಷ್ಟೂ ಇದು ಇನ್ನೂ ಕೆಟ್ಟದಾಗುತ್ತದೆ. ಇಂಟರ್ಯಾಕ್ಷನ್ ಕಡಿಮೆಯಾದರೆ ಸುಲಭ ಆಗಬೇಕು ಅಲ್ವಾ? ಮತ್ತೆ ಒಂದೇ ಕ್ಯಾವಿಟಿ ಇಟ್ಟುಕೊಂಡು ಫೇಸ್ ಟ್ರಾನ್ಸಿಷನ್, ಮೆನಿ ಬಾಡಿ ಅಂತೆಲ್ಲ ಹೇಳಬಹುದಾ? ವೈವಾದಲ್ಲಿ ಖಂಡಿತ ಕೇಳುತ್ತಾರೆ.


ಎಂಡ್ ಪಾಯಿಂಟ್ ಸಂಜೆ:

ಕರ್ವನ್ನು ಚೆನ್ನಾಗಿ ನೋಡಿದ್ದೀರಿ. ಮೊದಲು ಚಪ್ಪಟೆ, ಆಮೇಲೆ ಆ ನಿಧಾನದ ಏರಿಕೆ. ಉತ್ತರ ಇರುವುದೇ ಅಲ್ಲಿ.

ಗಾಮಾ ಅಂದರೆ ಒಂದು ಫೋಟಾನ್ ಹೊರಗೆ ಹೋಗುವ ದರ. ಇಡೀ ಸಿಸ್ಟಮ್ ಎಷ್ಟು ಬೇಗ ನೆಲೆಗೆ ಬರುತ್ತದೆ ಅನ್ನುವುದು ಬೇರೆ ಲೆಕ್ಕ. ಲಾಸ್ ಇರುವ ಸಿಸ್ಟಮ್ ಹೇಗೆ ಬದಲಾಗುತ್ತದೆ ಅಂತ ಹೇಳುವ ಲಿಂಡ್‌ಬ್ಲಾಡ್ ಸಮೀಕರಣದಲ್ಲಿ ಡೆನ್ಸಿಟಿ ಮ್ಯಾಟ್ರಿಕ್ಸಿನ (ಸಿಸ್ಟಮಿನ ಸ್ಥಿತಿಯನ್ನು ಬರೆದಿಡುವ ಮ್ಯಾಟ್ರಿಕ್ಸ್) ಮೇಲೆ ಕೂರುವ ಆಪರೇಟರ್ ಇದೆಯಲ್ಲ, ಲಿಯುವಿಲಿಯನ್, ಅದರ ಐಗನ್‌ವ್ಯಾಲ್ಯೂಗಳನ್ನು ನೋಡಬೇಕು. ಒಂದು ಐಗನ್‌ವ್ಯಾಲ್ಯೂ ಸೊನ್ನೆ, ಅದರದ್ದೇ ಸ್ಟೆಡಿ ಸ್ಟೇಟ್. ಉಳಿದವುಗಳ ರಿಯಲ್ ಭಾಗ ಸೊನ್ನೆಗಿಂತ ಕೆಳಗೆ, ಒಂದೊಂದೂ ತನ್ನದೇ ವೇಗದಲ್ಲಿ ಸಾಯುತ್ತದೆ. ಸೊನ್ನೆಗೆ ಅತಿ ಹತ್ತಿರ ಇರುವುದು ಕೊನೆಗೆ ಸಾಯುತ್ತದೆ. ಆ ದೂರಕ್ಕೇ ಗ್ಯಾಪ್ ಅಂತ ಹೇಳುವುದು.

ಎರಡು ಮಟ್ಟದ ಒಂದು ಪರಮಾಣು ಗಾಮಾ ದರದಲ್ಲಿ ಕೆಳಗೆ ಬೀಳುತ್ತದೆ ಅಂತ ಇಟ್ಟುಕೊಳ್ಳಿ. ಪಾಪ್ಯುಲೇಷನ್ ಗಾಮಾ ದರದಲ್ಲಿ ಕುಸಿಯುತ್ತದೆ, ಕೊಹೆರೆನ್ಸ್ (ಎರಡು ಮಟ್ಟಗಳ ನಡುವಿನ ಕ್ವಾಂಟಮ್ ಹೊಂದಿಕೆ) ಅದರ ಅರ್ಧ ದರದಲ್ಲಿ. ಅಂದರೆ ಗ್ಯಾಪ್ ಗಾಮಾದ ಅರ್ಧ. ನಿಮ್ಮ ಕ್ಯಾವಿಟಿಯಲ್ಲೂ ಯು ಸೊನ್ನೆ ಮಾಡಿದರೆ ಗ್ಯಾಪ್ ಗಾಮಾದ ಅರ್ಧವೇ, ಎಫ್ ಎಷ್ಟೇ ಏರಿಸಿದರೂ ಅದು ಅಲ್ಲಾಡುವುದಿಲ್ಲ. ಡ್ರೈವ್ ಬರೀ ಸ್ಟೆಡಿ ಸ್ಟೇಟನ್ನು ಬೇರೆ ಜಾಗಕ್ಕೆ ಸರಿಸುತ್ತದೆ, ಅಷ್ಟೆ. ಇದನ್ನು ಮೊದಲು ರನ್ ಮಾಡಿ ನೋಡಿ. ಕೋಡ್ ಸರಿ ಇದೆಯಾ ಅಂತ ತಿಳಿಯಲು ಇದಕ್ಕಿಂತ ಒಳ್ಳೆ ಟೆಸ್ಟ್ ಇಲ್ಲ.

ಈಗ ಯು ಹಾಕಿ. ಮೀನ್ ಫೀಲ್ಡ್ ಸಮೀಕರಣ (ಕ್ವಾಂಟಮ್ ನಾಯ್ಸ್ ಬಿಟ್ಟು ಸರಾಸರಿ ಮಾತ್ರ ಇಟ್ಟದ್ದು) ಬಿಡಿಸಿದರೆ ಫೋಟಾನ್ ಸಂಖ್ಯೆಗೆ ಒಂದು ಕ್ಯೂಬಿಕ್ ಸಿಗುತ್ತದೆ. ಡೆಲ್ಟಾ, ಗಾಮಾದ 0.866 ಪಟ್ಟಿಗಿಂತ ಜಾಸ್ತಿ ಇದ್ದರೆ (ಸರಿಯಾಗಿ ಹೇಳುವುದಾದರೆ 3ರ ವರ್ಗಮೂಲದ ಅರ್ಧ) ಎಫ್‌ನ ಒಂದು ರೇಂಜಿನಲ್ಲಿ ಮೂರು ಉತ್ತರ ಬರುತ್ತವೆ. ಎರಡು ನಿಲ್ಲುವಂಥವು, ನಡುವಿನದ್ದು ನಿಲ್ಲದ್ದು. ಒಂದರಲ್ಲಿ ಕ್ಯಾವಿಟಿ ಹೆಚ್ಚುಕಡಿಮೆ ಖಾಲಿ, ಇನ್ನೊಂದರಲ್ಲಿ ತುಂಬಿದೆ. ಆದರೆ 1980ರಲ್ಲೇ ಡ್ರಮಂಡ್ ಮತ್ತು ವಾಲ್ಸ್ ಪೂರ್ತಿ ಕ್ವಾಂಟಮ್ ಲೆಕ್ಕ ಮಾಡಿ ಸ್ಟೆಡಿ ಸ್ಟೇಟ್ ಒಂದೇ ಅಂತ ತೋರಿಸಿದರು. ನಿಮ್ಮ ಪುಸ್ತಕ ಹೇಳಿದ್ದು ಸರಿ, ನೀವು ನೋಡಿದ್ದೂ ಸರಿ.

ಆ ಒಂದೇ ಸ್ಟೆಡಿ ಸ್ಟೇಟ್ ಅಂದರೆ ಖಾಲಿ ಸ್ಥಿತಿ ಮತ್ತು ತುಂಬಿದ ಸ್ಥಿತಿಯ ಮಿಶ್ರಣ, ಯಾವುದರ ಪಾಲು ಎಷ್ಟು ಅನ್ನುವುದನ್ನು ಎಫ್ ನಿರ್ಧರಿಸುತ್ತದೆ. ನಿಧಾನದ ಐಗನ್‌ಮ್ಯಾಟ್ರಿಕ್ಸ್ ಅಂದರೆ ಆ ಎರಡು ಸ್ಥಿತಿಗಳ ವ್ಯತ್ಯಾಸ, ಒಂದರಿಂದ ಇನ್ನೊಂದನ್ನು ಕಳೆದದ್ದು. ಅದರ ಟ್ರೇಸ್ ಸೊನ್ನೆ ಬರಬೇಕು, ಬರುತ್ತದೆ. ಕ್ಯಾವಿಟಿ ಮೊದಲು ಹತ್ತಿರದ ಸ್ಥಿತಿಗೆ ಓಡುತ್ತದೆ, ಅದಕ್ಕೆ ಬೇಕಾದದ್ದು ಗಾಮಾದ ಲೆಕ್ಕದ ಟೈಮ್. ಅದೇ ನಿಮ್ಮ ಚಪ್ಪಟೆ ಭಾಗ. ಆಮೇಲೆ ಪಾಲು ಸರಿಹೋಗಬೇಕಾದರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯಬೇಕು. ಅದು ಅಪರೂಪಕ್ಕೆ ಆಗುವಂಥದ್ದು. ನೀವು ಜೂಮ್ ಮಾಡಿ ನೋಡಿದ ಏರಿಕೆ ಆ ಅಪರೂಪದ ಜಿಗಿತಗಳ ಸರಾಸರಿ.

ಯು ಕಡಿಮೆ ಮಾಡಿದರೆ ಯಾಕೆ ಜಾಸ್ತಿ ನಿಧಾನ? ಯು ಇಳಿದರೆ ಕ್ಯಾವಿಟಿಯ ಫ್ರೀಕ್ವೆನ್ಸಿ ಅಷ್ಟೇ ಸರಿಯಲು ಜಾಸ್ತಿ ಫೋಟಾನ್ ಬೇಕು. ಫೋಟಾನ್ ಜಾಸ್ತಿಯಾದಷ್ಟೂ ಅವುಗಳ ಸಂಖ್ಯೆಗೆ ಹೋಲಿಸಿದರೆ ಕ್ವಾಂಟಮ್ ನಾಯ್ಸ್ ಸಣ್ಣದಾಗುತ್ತದೆ. ಜಿಗಿತ ಮಾಡಿಸುವುದೇ ನಾಯ್ಸ್. ಅದು ಸಣ್ಣದಾದರೆ ಜಿಗಿತ ಎಕ್ಸ್‌ಪೊನೆನ್ಷಿಯಲ್ ಆಗಿ ಕಡಿಮೆ.

ಒಂದೇ ಕ್ಯಾವಿಟಿಯ ಫೇಸ್ ಟ್ರಾನ್ಸಿಷನ್ ಬಗ್ಗೆ ಕೇಳಿದ್ದಕ್ಕೂ ಇದೇ ದಾರಿ. ಎನ್ ಅಂತ ಒಂದು ಸಂಖ್ಯೆ ತಗೊಳ್ಳಿ. ಯು ಅನ್ನು ಎನ್‌ನಿಂದ ಭಾಗಿಸಿ, ಎಫ್ ಅನ್ನು ಎನ್‌ನ ವರ್ಗಮೂಲದಿಂದ ಗುಣಿಸಿ. ಎಫ್‌ನ ವರ್ಗ ಗುಣಿಸು ಯು ಹಾಗೇ ಉಳಿಯುತ್ತದೆ, ಮೀನ್ ಫೀಲ್ಡ್ ಚಿತ್ರ ಬದಲಾಗುವುದಿಲ್ಲ, ಫೋಟಾನ್ ಸಂಖ್ಯೆ ಮಾತ್ರ ಎನ್ ಪಟ್ಟು ಏರುತ್ತದೆ. ಎನ್ ಅನಂತಕ್ಕೆ ಹೋಗುವುದೇ ಇಲ್ಲಿಯ ಥರ್ಮೊಡೈನಾಮಿಕ್ ಲಿಮಿಟ್. ಎಣಿಸುವುದು ಸೈಟುಗಳನ್ನಲ್ಲ, ಫೋಟಾನ್‌ಗಳನ್ನು. ವೈವಾದಲ್ಲಿ ಹೀಗೇ ಹೇಳಿ, ಧೈರ್ಯವಾಗಿ ಹೇಳಿ. ಲ್ಯಾಟಿಸ್ ಬೇಕು ಅಂತ ಯಾರಾದರೂ ಹಠ ಹಿಡಿದರೆ ಇದು ಮೀನ್ ಫೀಲ್ಡ್ ಥರದ ಟ್ರಾನ್ಸಿಷನ್ ಅಂತ ಒಪ್ಪಿಕೊಳ್ಳಿ, ಅದು ನಿಜವೇ.


ಕೊಣಾಜೆ ಗುಡ್ಡೆ:

ಅಕ್ಕಾ, ತುಂಬ ಥ್ಯಾಂಕ್ಸ್. ಯು ಸೊನ್ನೆ ಟೆಸ್ಟ್ ಈಗಲೇ ಮಾಡಿದೆ, ಗಾಮಾದ ಅರ್ಧ ಸರಿಯಾಗಿ ಬಂತು. ಎಫ್ ತುಂಬ ಏರಿಸಿದಾಗ ಮಾತ್ರ ಬೇರೆ ಸಂಖ್ಯೆ ಬರುತ್ತದೆ, ಯಾಕೆ ಅಂತ ನೋಡಬೇಕು.

ಮತ್ತೆ ಮಾಂಟೆ ಕಾರ್ಲೋ ಟ್ರಾಜೆಕ್ಟರಿಯೂ ಹಾಕಿದೆ, ಅಂದರೆ ಸರಾಸರಿ ಅಲ್ಲ, ಯಾದೃಚ್ಛಿಕ ಜಿಗಿತಗಳಿರುವ ಒಂದೊಂದೇ ರನ್. ಒಂದೊಂದೇ ಟ್ರಾಜೆಕ್ಟರಿ ನೋಡಿದರೆ ನಿಧಾನದ ಏರಿಕೆಯೇ ಇಲ್ಲ! ತುಂಬ ಹೊತ್ತು ಕೆಳಗೇ ಇರುತ್ತದೆ, ಒಮ್ಮೆಲೇ ಮೇಲೆ ಹಾರುತ್ತದೆ, ಅಲ್ಲಿ ತುಂಬ ಹೊತ್ತು ಇರುತ್ತದೆ, ಮತ್ತೆ ಕೆಳಗೆ. ನೋಡಿ ಖುಷಿಯಾಯ್ತು.

ಈಗ ಸರ್ ಹೇಳುತ್ತಾರೆ, ಸ್ಪಿನ್ ಚೈನ್ (ಸಾಲಾಗಿ ಜೋಡಿಸಿದ ಸ್ಪಿನ್‌ಗಳು) ಕೂಡ ಮಾಡು, ಆಗ ಮೆನಿ ಬಾಡಿ ಅಂತ ಯಾರೂ ಪ್ರಶ್ನೆ ಮಾಡುವುದಿಲ್ಲ ಅಂತ. ಗ್ಯಾಪ್ ಮುಚ್ಚಿದರೆ ಫೇಸ್ ಟ್ರಾನ್ಸಿಷನ್, ಗ್ಯಾಪಿನ ವಿಲೋಮ ಅಂದರೆ ರಿಲ್ಯಾಕ್ಸ್ ಆಗುವ ಟೈಮ್. ಇಷ್ಟು ಇಟ್ಟುಕೊಂಡು ಚೈನಿಗೆ ಹೋಗಬಹುದಾ?


ತಣ್ಣೀರುಬಾವಿ:

ಇಲ್ಲ ಮಾರಾಯ್ರೆ, ಅಲ್ಲಿ ಸ್ವಲ್ಪ ನಿಲ್ಲಿ. ಕ್ಯಾವಿಟಿಯ ವಿಷಯ ಮೇಲೆ ಹೇಳಿದ್ದು ನೂರಕ್ಕೆ ನೂರು ಸರಿ. ಆದರೆ ಚೈನಿಗೆ ಬಂದರೆ ನೀವು ಬರೆದ ಎರಡು ವಾಕ್ಯಗಳೂ ಹಾಗೇ ನಿಲ್ಲುವುದಿಲ್ಲ.

ಮೊದಲನೆಯದು, ಗ್ಯಾಪ್ ಮುಚ್ಚಿದರೆ ಫೇಸ್ ಟ್ರಾನ್ಸಿಷನ್ ಅಂತ. ಎಕ್ಸ್ ಎಕ್ಸ್ ಚೈನ್ (ಪಕ್ಕಪಕ್ಕದ ಸ್ಪಿನ್‌ಗಳು ಅದಲುಬದಲಾಗುವ ಸಾಲು) ತಗೊಂಡು ಪ್ರತಿ ಸೈಟಿಗೂ ಡಿಫೇಸಿಂಗ್, ಅಂದರೆ ಕೊಹೆರೆನ್ಸನ್ನು ಮಾತ್ರ ಕೆಡಿಸುವ ನಾಯ್ಸ್, ಹಾಕಿ. ಒಟ್ಟು ಮ್ಯಾಗ್ನೆಟೈಸೇಷನ್ ಉಳಿಯುತ್ತದೆ, ಹೊರಗೆ ಹೋಗುವ ದಾರಿ ಇಲ್ಲ. ಒಂದು ಕಡೆ ಜಾಸ್ತಿ ಇದ್ದರೆ ಹರಡಿಕೊಳ್ಳುವುದೊಂದೇ ದಾರಿ, ಅದು ಡಿಫ್ಯೂಷನ್. ಉದ್ದ ಎಲ್ ಆದರೆ ಹರಡಲು ಎಲ್‌ನ ವರ್ಗದಷ್ಟು ಟೈಮ್ ಬೇಕು, ಗ್ಯಾಪ್ ಎಲ್‌ನ ವರ್ಗದ ವಿಲೋಮದಂತೆ ಮುಚ್ಚುತ್ತದೆ. ಇಲ್ಲಿ ಯಾವ ಟ್ರಾನ್ಸಿಷನ್ನೂ ಇಲ್ಲ, ಕ್ರಿಟಿಕಲ್ ಪಾಯಿಂಟೂ ಇಲ್ಲ. ಅನಂತ ಉದ್ದದ ಚೈನಿನಲ್ಲಿ ಇಂಥ ಎಷ್ಟೋ ಎಕ್ಸ್‌ಪೊನೆನ್ಷಿಯಲ್‌ಗಳು ಸೊನ್ನೆಯವರೆಗೆ ಸಾಲಾಗಿ ನಿಂತಿರುತ್ತವೆ, ಅವನ್ನೆಲ್ಲ ಕೂಡಿಸಿದರೆ ಪವರ್ ಲಾ ಬರುತ್ತದೆ. ಒಂದು ಜಾಗದ ಹೆಚ್ಚುವರಿ ಮ್ಯಾಗ್ನೆಟೈಸೇಷನ್ ಟೈಮಿನ ವರ್ಗಮೂಲದ ವಿಲೋಮದಂತೆ ಇಳಿಯುತ್ತದೆ. ಹಾಗಾಗಿ ಲಾಗ್-ಲಾಗ್ ಪ್ಲಾಟಿನಲ್ಲಿ ಗೆರೆ ಕಂಡ ಕೂಡಲೇ ಕ್ರಿಟಿಕಲ್ ಅಂತ ಬರೆಯಬೇಡಿ. ಮೊದಲು ಏನಾದರೂ ಕನ್ಸರ್ವ್ ಆಗುತ್ತಿದೆಯಾ ನೋಡಿ.

ಲಾಸ್ ಇರುವುದು ಎರಡು ತುದಿಯಲ್ಲಿ ಮಾತ್ರವಾದರೆ ಕತೆ ಇನ್ನೊಂದು. ಗದ್ದೆಯಲ್ಲಿ ನಿಂತ ನೀರು ಮೂಲೆಯ ಒಂದೇ ಕಂಡಿಯಿಂದ ಹೋಗಬೇಕಾದರೆ ಆಚೆ ಬದಿಯ ನೀರು ಕಂಡಿಯವರೆಗೆ ಬರಲೇಬೇಕಲ್ಲ, ಹಾಗೆ. ಕಂಡಿ ಎಷ್ಟು ಅಗಲ ಮಾಡಿದರೂ ದೂರ ಅಷ್ಟೇ. ಲೋಕಲ್ ಇಂಟರ್ಯಾಕ್ಷನ್ ಇರುವ ಚೈನಿನಲ್ಲಿ ಸುದ್ದಿ ಹೋಗುವ ವೇಗಕ್ಕೆ ಮಿತಿ ಉಂಟು, ಆದ್ದರಿಂದ ತುದಿ ಲಾಸ್ ಮಾತ್ರ ಇದ್ದರೆ ಗ್ಯಾಪ್ ಉದ್ದದ ವಿಲೋಮಕ್ಕಿಂತ ನಿಧಾನವಾಗಿ ಮುಚ್ಚಲು ಸಾಧ್ಯವೇ ಇಲ್ಲ. 2015ರಲ್ಲಿ ಜ್ನಿದಾರಿಚ್ ಇಂಥ ಬೇರೆ ಬೇರೆ ಚೈನುಗಳನ್ನು ಒಟ್ಟಿಗೆ ಇಟ್ಟು ನೋಡಿದರು.

ಈ ತುದಿ ಲಾಸ್ ಚೈನಿನಲ್ಲೇ ನಿಜವಾದ ಟ್ರಾನ್ಸಿಷನ್ ಇರುವ ಒಂದು ಸೊಗಸಾದ ಉದಾಹರಣೆ ಇದೆ. 2008ರಲ್ಲಿ ಪ್ರೊಸೆನ್ ಮತ್ತು ಪಿಜೋರ್ನ್ ಎಕ್ಸ್ ವೈ ಚೈನ್ ಬಿಡಿಸಿದರು. ಒಂದು ನಿರ್ದಿಷ್ಟ ಮ್ಯಾಗ್ನೆಟಿಕ್ ಫೀಲ್ಡಿನ ಕೆಳಗೆ ದೂರದ ಸ್ಪಿನ್‌ಗಳ ನಡುವೆ ಕೋರಿಲೇಷನ್ ಉಳಿಯುತ್ತದೆ, ಮೇಲೆ ಹೋದರೆ ದೂರದ ಜೊತೆ ಎಕ್ಸ್‌ಪೊನೆನ್ಷಿಯಲ್ ಆಗಿ ಸಾಯುತ್ತದೆ. ಕ್ರಿಟಿಕಲ್ ಫೀಲ್ಡಿನಿಂದ ಆಚೆಈಚೆ ಇದ್ದರೆ ಗ್ಯಾಪ್ ಉದ್ದದ ಘನದ ವಿಲೋಮದಂತೆ, ಸರಿಯಾಗಿ ಕ್ರಿಟಿಕಲ್ ಫೀಲ್ಡಿನಲ್ಲಿ ಉದ್ದದ ಐದನೇ ಘಾತದ ವಿಲೋಮದಂತೆ. ಅಂದರೆ ಚೈನ್ ಎರಡು ಪಟ್ಟು ಉದ್ದ ಮಾಡಿದರೆ ಸಾಮಾನ್ಯ ಜಾಗದಲ್ಲಿ ಗ್ಯಾಪ್ 8 ಪಟ್ಟು ಇಳಿಯುತ್ತದೆ, ಕ್ರಿಟಿಕಲ್ ಜಾಗದಲ್ಲಿ 32 ಪಟ್ಟು. ಗ್ಯಾಪ್ ಎರಡೂ ಕಡೆ ಮುಚ್ಚುತ್ತದೆ! ಬರೀ ಮುಚ್ಚುತ್ತಾ ಅಂತ ಕೇಳಿದರೆ ಟ್ರಾನ್ಸಿಷನ್ ಕಾಣುವುದೇ ಇಲ್ಲ. ಯಾವ ಘಾತದಲ್ಲಿ ಮುಚ್ಚುತ್ತದೆ ಅಂತ ಕೇಳಬೇಕು.

ಎರಡನೆಯದು, ಗ್ಯಾಪಿನ ವಿಲೋಮವೇ ರಿಲ್ಯಾಕ್ಸ್ ಆಗುವ ಟೈಮ್ ಅಂತ. ಗ್ಯಾಪ್ ಹೇಳುವುದು ಕಟ್ಟಕಡೆಯ ಬಾಲದ ವೇಗ ಮಾತ್ರ. ಆ ಬಾಲ ಯಾವಾಗ ಶುರುವಾಗುತ್ತದೆ ಅಂತ ಅದು ಹೇಳುವುದಿಲ್ಲ. ಲಿಯುವಿಲಿಯನ್ ಹರ್ಮಿಷಿಯನ್ ಅಲ್ಲ, ಅದರ ಎಡ ಮತ್ತು ಬಲ ಐಗನ್‌ವೆಕ್ಟರ್‌ಗಳು ಬೇರೆ ಬೇರೆ. ಡೆನ್ಸಿಟಿ ಮ್ಯಾಟ್ರಿಕ್ಸನ್ನು ಇವುಗಳಲ್ಲಿ ಬಿಡಿಸಿ ಬರೆದರೆ ಎದುರಿನ ಕೊಎಫಿಷಿಯೆಂಟ್‌ಗಳು ಸಿಸ್ಟಮ್ ಉದ್ದದ ಜೊತೆ ಎಕ್ಸ್‌ಪೊನೆನ್ಷಿಯಲ್ ಆಗಿ ದೊಡ್ಡದಾಗಬಹುದು. ಅಂಥ ದೊಡ್ಡ ಸಂಖ್ಯೆಯನ್ನು ಗ್ಯಾಪಿನ ಎಕ್ಸ್‌ಪೊನೆನ್ಷಿಯಲ್ ತಿಂದು ಮುಗಿಸಲು ಉದ್ದಕ್ಕೆ ತಕ್ಕ ಹೊತ್ತು ಬೇಕು. ಕಣಗಳು ಒಂದೇ ದಿಕ್ಕಿಗೆ ಜಾಸ್ತಿ ಜಿಗಿಯುವಂತೆ ಲಾಸ್ ಇಟ್ಟರೆ ಸರಿಯಾಗಿ ಹೀಗೇ ಆಗುತ್ತದೆ, ಗ್ಯಾಪ್ ಮುಚ್ಚುವುದೇ ಇಲ್ಲ, ಆದರೂ ರಿಲ್ಯಾಕ್ಸ್ ಆಗುವ ಟೈಮ್ ಉದ್ದದ ಜೊತೆ ಏರುತ್ತದೆ. 2021ರಲ್ಲಿ ಹಾಗಾ ಮತ್ತು ಜೊತೆಯವರು ಇದನ್ನು ಲಿಯುವಿಲಿಯನ್ ಸ್ಕಿನ್ ಎಫೆಕ್ಟ್ ಅಂತ ಕರೆದರು. ಅದರ ಹಿಂದಿನ ವರ್ಷ ಮೋರಿ ಮತ್ತು ಶಿರಾಯ್ ತುದಿ ಲಾಸ್ ಚೈನಿನಲ್ಲಿ ಗ್ಯಾಪಿಗೂ ಟೈಮಿಗೂ ಯಾಕೆ ತಾಳೆ ಆಗುವುದಿಲ್ಲ ಅಂತ ಇದೇ ಕೊಎಫಿಷಿಯೆಂಟ್‌ಗಳಿಂದ ಬಿಡಿಸಿ ತೋರಿಸಿದ್ದರು.

ಉಲ್ಟಾ ಕೂಡ ಆಗುತ್ತದೆ. ನೀವು ಶುರು ಮಾಡುವ ಸ್ಥಿತಿಯಲ್ಲಿ ಆ ನಿಧಾನದ ಮೋಡಿನ ಪಾಲೇ ಇಲ್ಲದಿದ್ದರೆ ಸಿಸ್ಟಮ್ ಗ್ಯಾಪಿಗಿಂತ ಬೇಗ ಸೆಟ್ಲ್ ಆಗುತ್ತದೆ. ಸ್ಟೆಡಿ ಸ್ಟೇಟಿಗೆ ದೂರ ಇದ್ದದ್ದು ಹತ್ತಿರ ಇದ್ದದ್ದಕ್ಕಿಂತ ಮೊದಲು ತಲುಪಬಹುದು. ಕ್ವಾಂಟಮ್ ಎಂಪೆಂಬಾ ಅಂತ ಈಗ ತುಂಬ ಜನ ಕೆಲಸ ಮಾಡುತ್ತಿರುವುದರ ಒಂದು ಬೇರು ಇಲ್ಲೇ.


ಬಿಜೈ ಲಿನಕ್ಸ್:

ಥಿಯರಿ ನನಗೆ ಅಷ್ಟು ಗೊತ್ತಿಲ್ಲ, ಲೆಕ್ಕ ಓಡಿಸುವ ವಿಷಯ ಮಾತ್ರ ಹೇಳುತ್ತೇನೆ.

ಎಫ್ ಏರಿಸಿದಾಗ ಗಾಮಾದ ಅರ್ಧ ತಪ್ಪಿದ್ದು ನಿಮ್ಮ ಫೋಟಾನ್ ಕಟಾಫಿನಿಂದ, ಅಂದರೆ ಲೆಕ್ಕದಲ್ಲಿ ಫೋಟಾನ್ ಸಂಖ್ಯೆಗೆ ಹಾಕಿದ ಮೇಲಿನ ಮಿತಿಯಿಂದ. ಯು ಸೊನ್ನೆ ಇದ್ದಾಗ ಸರಾಸರಿ ಫೋಟಾನ್ ಸಂಖ್ಯೆ ಎಫ್‌ನ ವರ್ಗಕ್ಕೆ ಸರಿಯಾಗಿ ಏರುತ್ತದೆ, ಒಂದು ಹಂತದಲ್ಲಿ ಕಟಾಫಿಗೆ ಹೋಗಿ ಬಡಿಯುತ್ತದೆ. ಆಮೇಲೆ ಬರುವುದೆಲ್ಲ ಕಟಾಫಿನ ಫಿಸಿಕ್ಸ್. ಪ್ರತಿ ಪಾಯಿಂಟಿಗೂ ಕಟಾಫ್ ಏರಿಸಿ ಉತ್ತರ ಅಲ್ಲಾಡುತ್ತಾ ನೋಡಿ.

ಇನ್ನು ಸೈಜ್. ಕಟಾಫ್ 60 ಇಟ್ಟರೆ ಡೆನ್ಸಿಟಿ ಮ್ಯಾಟ್ರಿಕ್ಸಿನಲ್ಲಿ 3600 ಸಂಖ್ಯೆ, ಲಿಯುವಿಲಿಯನ್ 3600 ಸಾಲು 3600 ಕಾಲಮ್. ಪೂರ್ತಿ ಮ್ಯಾಟ್ರಿಕ್ಸಾಗಿ ಇಟ್ಟರೂ ಸುಮಾರು 207 ಎಂಬಿ, ಲ್ಯಾಪ್‌ಟಾಪಿಗೆ ಏನೂ ಅಲ್ಲ. ಸ್ಪಿನ್ ಚೈನಿಗೆ ಹೋದಿರಾ, 10 ಸ್ಪಿನ್‌ಗೇ 1024 ಸ್ಥಿತಿ, ಡೆನ್ಸಿಟಿ ಮ್ಯಾಟ್ರಿಕ್ಸಿನಲ್ಲಿ 10,48,576 ಸಂಖ್ಯೆ, ಲಿಯುವಿಲಿಯನ್ ಒಂದು ಬದಿಗೇ ಅಷ್ಟು. ಸ್ಪಾರ್ಸ್ (ಸೊನ್ನೆಗಳನ್ನು ಬಿಟ್ಟು ಉಳಿದದ್ದನ್ನು ಮಾತ್ರ ಇಡುವುದು) ಅಲ್ಲದೆ ಬೇರೆ ದಾರಿ ಇಲ್ಲ. ಸೊನ್ನೆಯ ಹತ್ತಿರದ ಐಗನ್‌ವ್ಯಾಲ್ಯೂ ಒಂದೆರಡು ಸಾಕು ಅಂತ ಕೇಳಿ, ಶಿಫ್ಟ್ ಇನ್ವರ್ಟ್ ಬಳಸಿ. ಸ್ಟೆಡಿ ಸ್ಟೇಟಿಗೋಸ್ಕರ ಟೈಮ್ ಎವಲ್ಯೂಷನ್ ರಾತ್ರಿಯಿಡೀ ಓಡಿಸಬೇಡಿ, ಟ್ರಾನ್ಸಿಷನ್ ಹತ್ತಿರ ಅದು ಮುಗಿಯುವುದೇ ಇಲ್ಲ. ಐಗನ್‌ವ್ಯಾಲ್ಯೂ ಸೊನ್ನೆ ಇರುವ ವೆಕ್ಟರ್ ನೇರವಾಗಿ ಹುಡುಕಿ, ಕ್ಯೂಟಿಪ್‌ನಲ್ಲಿ ಅದಕ್ಕೆ ಫಂಕ್ಷನ್ ಉಂಟು.

ಟ್ರಾಜೆಕ್ಟರಿ ರನ್ ಮಾತ್ರ ಉದ್ದ ಬೇಕಾಗುತ್ತದೆ. ಈ ಮಳೆಗಾಲದಲ್ಲಿ ಕರೆಂಟ್ ನಂಬಬೇಡಿ, ಆಗಾಗ ಫೈಲಿಗೆ ಸೇವ್ ಮಾಡುವ ಹಾಗೆ ಬರೆಯಿರಿ.


ಕಲ್ಸಂಕ:

ಉಡುಪಿಯಲ್ಲಿ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡಿ ರಿಟೈರ್ ಆದವನು ನಾನು. ಇಲ್ಲಿಯ ಚರ್ಚೆ ಓದಿ ಬಹಳ ಸಂತೋಷವಾಯಿತು. ಇದೆಲ್ಲ ಕಂಪ್ಯೂಟರಿನಲ್ಲಿ ಮಾತ್ರ ಇರುವ ವಿಷಯ ಅಂತ ನಮ್ಮ ಹುಡುಗರು ತಿಳಿಯಬಾರದು, ಹಾಗಾಗಿ ಪ್ರಯೋಗಗಳ ಬಗ್ಗೆ ಬರೆಯುತ್ತೇನೆ.

ನಿಮ್ಮ ಕೆರ್ ಕ್ಯಾವಿಟಿಯನ್ನೇ ಮೇಜಿನ ಮೇಲೆ ಇಟ್ಟು ನೋಡಿದ್ದಾರೆ. ಸೆಮಿಕಂಡಕ್ಟರಿನ ಒಂದು ಸಣ್ಣ ಕಂಬ, ಮೈಕ್ರೋಪಿಲ್ಲರ್, ಅದಕ್ಕೆ ಲೇಸರ್. 2017ರ ಒಂದು ಪ್ರಯೋಗದಲ್ಲಿ ಲೇಸರ್ ಪವರನ್ನು ಏರಿಸುತ್ತಾ ಇಳಿಸುತ್ತಾ ಹೋದರು. ಏರುವಾಗ ಒಂದು ಜಾಗದಲ್ಲಿ ಬೆಳಕು ಜಿಗಿಯುತ್ತದೆ, ಇಳಿಯುವಾಗ ಬೇರೆ ಜಾಗದಲ್ಲಿ. ನಡುವೆ ಹಿಸ್ಟೆರಿಸಿಸ್ ಲೂಪ್. ಆದರೆ ಸ್ಟೆಡಿ ಸ್ಟೇಟ್ ಒಂದೇ ಅಂತಾದರೆ ಲೂಪ್ ಇರಬಾರದಲ್ಲ? ಸ್ವೀಪ್ ನಿಧಾನ ಮಾಡುತ್ತಾ ಹೋದರು, ಲೂಪ್ ಸಣ್ಣದಾಗುತ್ತಾ ಹೋಯಿತು. ನಾವು ಅವಸರ ಮಾಡಿದರೆ ಮಾತ್ರ ಎರಡು ಸ್ಥಿತಿ ಕಾಣುತ್ತವೆ, ಸಿಸ್ಟಮ್ ಜಿಗಿಯುವಷ್ಟು ಹೊತ್ತು ಕಾದರೆ ಒಂದೇ. ಮರುವರ್ಷ ಜೂರಿಕ್‌ನ ಗುಂಪೊಂದು ಸ್ವೀಪ್ ಮಾಡದೆಯೇ ಹೊರಬರುವ ಫೋಟಾನ್‌ಗಳ ಕೋರಿಲೇಷನ್ ಅಳೆಯಿತು. ಒಂದು ಫೋಟಾನ್ ಬಂದ ಮೇಲೆ ಇನ್ನೊಂದು ಬರುವ ಸಾಧ್ಯತೆ ಎಷ್ಟು ಹೊತ್ತು ನೆನಪಿಟ್ಟುಕೊಳ್ಳುತ್ತದೆ ಅಂತ. ಟ್ರಾನ್ಸಿಷನ್ ಹತ್ತಿರ ಆ ನೆನಪು ಉದ್ದವಾಯಿತು. ಸ್ಟೆಡಿ ಸ್ಟೇಟಿನಲ್ಲಿ ಕೂತಿರುವಾಗಲೂ ಅದರ ನಾಯ್ಸಿಗೆ ಅದೇ ಗ್ಯಾಪ್ ಗೊತ್ತಿರುತ್ತದೆ. ನೀವು ನಿಮ್ಮ ಪ್ರಾಜೆಕ್ಟಿನಲ್ಲಿ ಈ ಕೋರಿಲೇಷನ್ ಕೂಡ ಹಾಕಿದರೆ ತುಂಬ ಚೆನ್ನಾಗಿರುತ್ತದೆ.

ಒಂದಕ್ಕಿಂತ ಜಾಸ್ತಿ ಸೈಟ್ ಬೇಕು ಅನ್ನುವವರಿಗೆ, 2017ರಲ್ಲೇ ಪ್ರಿನ್ಸ್‌ಟನ್‌ನಲ್ಲಿ 72 ಮೈಕ್ರೋವೇವ್ ಕ್ಯಾವಿಟಿಗಳ ಸಾಲು ಕಟ್ಟಿ, ಪ್ರತಿಯೊಂದರಲ್ಲೂ ಒಂದು ಕ್ಯೂಬಿಟ್ ಕೂರಿಸಿ ಈ ಎರಡು ಸ್ಥಿತಿಗಳ ಆಟವನ್ನು ನೋಡಿದರು.

ಇನ್ನೊಂದು ಬಗೆಯ ಟ್ರಾನ್ಸಿಷನ್, ಎರಡನೇ ಆರ್ಡರಿನದ್ದು, ಅಂದರೆ ಜಿಗಿತವಿಲ್ಲದೆ ನಯವಾಗಿ ಆಗುವಂಥದ್ದು, ಅದಕ್ಕೆ ಡಿಕೆ ಅನ್ನುವ ವಿಜ್ಞಾನಿಯ ಹೆಸರಿನ ಮಾಡೆಲ್ ನೋಡಿ, ಅದರಲ್ಲಿ ತುಂಬ ಪರಮಾಣುಗಳು ಕ್ಯಾವಿಟಿಯ ಒಂದೇ ಬೆಳಕಿನ ಜೊತೆ ಸೇರಿ ನಡೆಯುತ್ತವೆ. 2010ರಲ್ಲಿ ಜೂರಿಕ್‌ನಲ್ಲಿ ಎಸ್ಲಿಂಗರ್ ಗುಂಪು ಕನ್ನಡಿಗಳ ನಡುವೆ ರುಬಿಡಿಯಂ ಪರಮಾಣುಗಳ ಬೋಸ್-ಐನ್‌ಸ್ಟೈನ್ ಕಂಡೆನ್ಸೇಟ್ ಇಟ್ಟು ಇದನ್ನು ಮಾಡಿತು. ಪಂಪ್ ಲೇಸರ್ ಒಂದು ಮಿತಿ ದಾಟಿದರೆ ಪರಮಾಣುಗಳು ಚೆಕ್ಕರ್ ಬೋರ್ಡಿನ ಹಾಗೆ ಕೂರುತ್ತವೆ, ಕಪ್ಪು ಮನೆ ಅಥವಾ ಬಿಳಿ ಮನೆ, ಎರಡರಲ್ಲಿ ಒಂದು. ಆ ಮಿತಿಯ ಹತ್ತಿರ ಬರುವಾಗ ಏನಾಗುತ್ತದೆ ಅಂದರೆ, ಸಿಸ್ಟಮಿನ ಒಂದು ಆಂದೋಲನ ನಿಧಾನವಾಗುತ್ತಾ ಬರುತ್ತದೆ. ಲಾಸ್ ಇಲ್ಲದಿದ್ದರೆ ಅದರ ಫ್ರೀಕ್ವೆನ್ಸಿ ಸರಿಯಾಗಿ ಮಿತಿಯಲ್ಲೇ ಸೊನ್ನೆಯಾಗುತ್ತಿತ್ತು. ಕನ್ನಡಿಯಿಂದ ಬೆಳಕು ಸೋರುವುದರಿಂದ ಫ್ರೀಕ್ವೆನ್ಸಿ ಮಿತಿಗಿಂತ ಸ್ವಲ್ಪ ಮೊದಲೇ ಸೊನ್ನೆಯಾಗುತ್ತದೆ, ಆಂದೋಲನ ನಿಲ್ಲುತ್ತದೆ. ಆಮೇಲೆ ಉಳಿಯುವುದು ಬರೀ ಡ್ಯಾಂಪಿಂಗ್, ಆ ಡ್ಯಾಂಪಿಂಗಿನ ದರ ಮಿತಿಯಲ್ಲಿ ಸೊನ್ನೆಯಾಗುತ್ತದೆ. ಲಿಯುವಿಲಿಯನ್ ಭಾಷೆಯಲ್ಲಿ, ಎರಡು ಐಗನ್‌ವ್ಯಾಲ್ಯೂಗಳು ಮೇಲಿಂದ ಕೆಳಗಿಂದ ಬಂದು ರಿಯಲ್ ಅಕ್ಷದ ಮೇಲೆ ಕೂಡುತ್ತವೆ, ಅಲ್ಲಿಂದ ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ ಸೊನ್ನೆಯ ಕಡೆ. ಕಾಗದದ ಮೇಲೆ ಗುರುತು ಹಾಕಿ ನೋಡಿ, ನೋಡಲೇ ಚೆಂದ.

ಈ ಸಣ್ಣ ಸೋರಿಕೆ ಕ್ರಿಟಿಕಲ್ ಎಕ್ಸ್‌ಪೊನೆಂಟನ್ನೇ ಬದಲಾಯಿಸಿಬಿಡುತ್ತದೆ. ಫೋಟಾನ್ ಸಂಖ್ಯೆಯ ಏರುಪೇರು ಮಿತಿಯ ಹತ್ತಿರ ಬೆಳೆಯುವ ಘಾತ, ಲಾಸ್ ಇಲ್ಲದ ಡಿಕೆ ಮಾಡೆಲಿನಲ್ಲಿ 1/2, ಲಾಸ್ ಇದ್ದರೆ 1. ಲಾಸ್ ಎಷ್ಟೇ ಕಡಿಮೆ ಇರಲಿ, ಸಾಕಷ್ಟು ಹತ್ತಿರ ಹೋದರೆ ಗೆಲ್ಲುವುದು ಲಾಸೇ. ಯಾಕೆಂದರೆ ಸಿಸ್ಟಮಿನ ತನ್ನದೇ ಎನರ್ಜಿ ಅಲ್ಲಿ ಸೊನ್ನೆಗೆ ಇಳಿದಿರುತ್ತದೆ, ಹೊರಗಿನ ನಾಯ್ಸ್ ಇಳಿದಿರುವುದಿಲ್ಲ. ಕ್ರಿಟಿಕಲ್ ಪಾಯಿಂಟಿನ ತೀರ ಹತ್ತಿರ ಇಂಥ ಎಷ್ಟೋ ಸಿಸ್ಟಮ್‌ಗಳು ಟೆಂಪರೇಚರ್ ಇರುವ ಕ್ಲಾಸಿಕಲ್ ಸಿಸ್ಟಮಿನ ಹಾಗೆ ನಡೆದುಕೊಳ್ಳುವುದು ಇದರಿಂದಲೇ. ನನಗೆ ಈ ಇಡೀ ವಿಷಯದಲ್ಲಿ ಅತಿ ಇಷ್ಟವಾದ ಮಾತು ಇದು.

ಇನ್ನೊಂದು ಹೇಳಲೇಬೇಕು. ಲಿಂಡ್‌ಬ್ಲಾಡ್ ಅಂತ ಒಬ್ಬರ ಹೆಸರು ಮಾತ್ರ ಹೇಳುತ್ತೇವೆ. ಅದೇ 1976ರಲ್ಲಿ ಗೊರಿನಿ, ಕೊಸಕೋವ್‌ಸ್ಕಿ ಜೊತೆ ಸೇರಿ ಇದೇ ಸಮೀಕರಣ ಕೊಟ್ಟವರು ನಮ್ಮ ಪಕ್ಕದ ರಾಜ್ಯದ ಕೋಟ್ಟಯಂ ಕಡೆಯ ಇ. ಸಿ. ಜಿ. ಸುದರ್ಶನ್. ಮರುವರ್ಷ ಬೈದ್ಯನಾಥ್ ಮಿಶ್ರಾ ಜೊತೆ ಕ್ವಾಂಟಮ್ ಝೀನೋ ಎಫೆಕ್ಟ್ ಬರೆದವರೂ ಅವರೇ. ಅದೂ ನಿಮ್ಮ ಪ್ರಶ್ನೆಗೆ ಸೇರಿದ್ದೇ. ಎರಡು ಸೈಟ್ ನಡುವೆ ಜೆ ಬಲದ ಹಾಪಿಂಗ್ ಇದ್ದು, ಡಿಫೇಸಿಂಗ್ ಗಾಮಾ ತುಂಬ ಜಾಸ್ತಿ ಮಾಡಿದರೆ, ಕಣ ಹಂಚಿಕೊಳ್ಳುವ ದರ ಜೆ ವರ್ಗವನ್ನು ಗಾಮಾದಿಂದ ಭಾಗಿಸಿದಷ್ಟು. ಪರಿಸರದ ಹಿಡಿತ ಬಿಗಿಯಾದಷ್ಟೂ ನಿಧಾನ. ಗಾಮಾ ಜಾಸ್ತಿ ಇದ್ದರೆ ಬೇಗ ರಿಲ್ಯಾಕ್ಸ್ ಆಗುತ್ತದೆ ಅನ್ನುವ ಊಹೆ ಇಲ್ಲಿ ಪೂರ್ತಿ ತಲೆಕೆಳಗು.


ಕೊಣಾಜೆ ಗುಡ್ಡೆ:

ಸಾರ್, ಸುದರ್ಶನ್ ವಿಷಯ ಗೊತ್ತೇ ಇರಲಿಲ್ಲ, ಥೀಸಿಸ್‌ನಲ್ಲಿ ಖಂಡಿತ ಬರೆಯುತ್ತೇನೆ. ತಣ್ಣೀರುಬಾವಿ ಅವರು ಹೇಳಿದ್ದನ್ನು ಓದಿದ ಮೇಲೆ ಚೈನ್ ಬಿಟ್ಟು ಕ್ಯಾವಿಟಿಯನ್ನೇ ಆಳವಾಗಿ ಮಾಡೋಣ ಅಂತ ಅನ್ನಿಸುತ್ತಿದೆ. ಅಕ್ಕಾ, ಹಾಗಾದರೆ ಯಾವ ಪ್ಲಾಟ್ ಇದ್ದರೆ ಇದು ಮೊದಲ ಆರ್ಡರ್ ಟ್ರಾನ್ಸಿಷನ್ ಅಂತ ನಂಬಿಕೆಯಿಂದ ಹೇಳಬಹುದು?


ಎಂಡ್ ಪಾಯಿಂಟ್ ಸಂಜೆ:

ನನ್ನ ಅಭಿಪ್ರಾಯವೂ ಅದೇ, ಕ್ಯಾವಿಟಿಯನ್ನೇ ಮಾಡಿ. 10 ಸ್ಪಿನ್ ಚೈನಿನಿಂದ ಘಾತ ಹೇಳುವುದು ಕಷ್ಟ, ಇಲ್ಲಿ ಎನ್ ಅನ್ನು ಬೇಕಾದಷ್ಟು ನಯವಾಗಿ ಏರಿಸಬಹುದು.

ಮೊದಲು ಒಂದು ಎನ್ ಇಟ್ಟು ಎಫ್ ಜೊತೆ ಗ್ಯಾಪ್ ಹೇಗೆ ಬದಲಾಗುತ್ತದೆ ಅಂತ ಹಾಕಿ. ಒಂದು ತಗ್ಗು ಬರುತ್ತದೆ. ಆ ತಗ್ಗು ಎಲ್ಲಿ ಅತಿ ಆಳ? ಕೆಳಗಿನಿಂದ ಮೇಲೆ ಜಿಗಿಯುವ ದರ ಮತ್ತು ಮೇಲಿನಿಂದ ಕೆಳಗೆ ಬೀಳುವ ದರ, ಗ್ಯಾಪ್ ಅಂದರೆ ಈ ಎರಡರ ಮೊತ್ತ. ಎಫ್ ಏರಿಸಿದರೆ ಮೊದಲನೆಯದು ಜಾಸ್ತಿ, ಎರಡನೆಯದು ಕಡಿಮೆ. ಒಂದು ಎಕ್ಸ್‌ಪೊನೆನ್ಷಿಯಲ್ ಏರುತ್ತಾ ಇನ್ನೊಂದು ಇಳಿಯುತ್ತಾ ಇದ್ದರೆ ಮೊತ್ತ ಅತಿ ಕಡಿಮೆಯಾಗುವುದು ಎರಡೂ ಹೆಚ್ಚುಕಡಿಮೆ ಸಮವಾಗುವ ಜಾಗದಲ್ಲಿ. ಎನ್ ದೊಡ್ಡದಾದ ಹಾಗೆ ಆ ಜಾಗವೇ ಟ್ರಾನ್ಸಿಷನ್. ಅಲ್ಲಿ ಸ್ಟೆಡಿ ಸ್ಟೇಟಿನಲ್ಲಿ ಎರಡೂ ಸ್ಥಿತಿಗಳ ಪಾಲು ಸುಮಾರು ಅರ್ಧರ್ಧ. ಈ ಎರಡು ಸಂಗತಿ ಒಂದೇ ಎಫ್‌ನಲ್ಲಿ ಬರುತ್ತವಾ ಅಂತ ನೋಡಿ.

ಆಮೇಲೆ ಎನ್ ಬದಲಾಯಿಸುತ್ತಾ ಪ್ರತಿ ಎನ್‌ಗೂ ಆ ತಗ್ಗಿನ ತಳದಲ್ಲಿರುವ ಗ್ಯಾಪ್ ತಗೊಂಡು, ಅದರ ಲಾಗ್ ಅನ್ನು ಎನ್ ವಿರುದ್ಧ ಹಾಕಿ. ನೇರ ಗೆರೆ ಬಂದರೆ ಎಕ್ಸ್‌ಪೊನೆನ್ಷಿಯಲ್ ಆಗಿ ಮುಚ್ಚುತ್ತಿದೆ, ಅದು ಮೊದಲ ಆರ್ಡರಿನ ಲಕ್ಷಣ. ಲಾಗ್-ಲಾಗ್‌ನಲ್ಲಿ ನೇರ ಬಂದರೆ ಬೇರೆ ಯೋಚಿಸಬೇಕು. ಎರಡನೇ ಆರ್ಡರಿನಲ್ಲಿ ಕ್ರಿಟಿಕಲ್ ಜಾಗದಲ್ಲಿ ಪವರ್ ಲಾ ಬರುತ್ತದೆ, ಅದನ್ನು ದಾಟಿ ಸಿಮೆಟ್ರಿ ಮುರಿದ ಕಡೆಯಲ್ಲಿ ಗ್ಯಾಪ್ ಎಲ್ಲೆಲ್ಲೂ ಮುಚ್ಚಿಯೇ ಇರುತ್ತದೆ. ನಿಮ್ಮ ಕ್ಯಾವಿಟಿಯಲ್ಲಿ ಎನ್ ಅನಂತಕ್ಕೆ ಹೋದಾಗ ಸ್ಟೆಡಿ ಸ್ಟೇಟ್ ಜಿಗಿಯುವುದು ಒಂದೇ ಎಫ್‌ನಲ್ಲಿ. ಸಿಮೆಟ್ರಿಯ ಪ್ರಶ್ನೆಯೇ ಇಲ್ಲ, ಲೇಸರ್ ಡ್ರೈವ್ ಅದನ್ನು ಮೊದಲೇ ಮುರಿದಿದೆ. ಎರಡನೇ ಆರ್ಡರ್ ನೋಡುವ ಆಸೆ ಇದ್ದರೆ ಒಂದೊಂದು ಫೋಟಾನ್ ಹಾಕುವ ಡ್ರೈವ್ ತೆಗೆದು ಜೋಡಿ ಜೋಡಿಯಾಗಿ ಹಾಕುವ ಡ್ರೈವ್ ಹಾಕಿ, ಆಗ ಪ್ಯಾರಿಟಿ (ಫೋಟಾನ್ ಸಂಖ್ಯೆ ಸಮವೋ ಬೆಸವೋ ಅನ್ನುವುದು) ಸಿಮೆಟ್ರಿ ಸಿಗುತ್ತದೆ. ಆದರೆ ಅದು ಮುಂದಿನ ಅಧ್ಯಾಯಕ್ಕೆ ಇರಲಿ.

ಲಿಮಿಟ್‌ಗಳ ಕ್ರಮವನ್ನು ಥೀಸಿಸ್‌ನಲ್ಲಿ ತಪ್ಪದೆ ಬರೆಯಿರಿ. ಎನ್ ಸ್ಥಿರ ಇಟ್ಟು ಟೈಮ್ ಅನಂತಕ್ಕೆ ಬಿಟ್ಟರೆ ಸ್ಟೆಡಿ ಸ್ಟೇಟ್ ಒಂದೇ. ಮೊದಲು ಎನ್ ಅನಂತ ಮಾಡಿ ಆಮೇಲೆ ಟೈಮ್ ಬಿಟ್ಟರೆ ಜಿಗಿತವೇ ಇಲ್ಲ, ಶುರು ಮಾಡಿದ ಕಡೆಯಲ್ಲೇ ಉಳಿಯುತ್ತೀರಿ, ಮೀನ್ ಫೀಲ್ಡ್ ಹೇಳಿದ ಎರಡೂ ಉತ್ತರ ನಿಜವಾಗುತ್ತವೆ. ಮೀನ್ ಫೀಲ್ಡಿಗೂ ಡ್ರಮಂಡ್-ವಾಲ್ಸ್‌ಗೂ ಜಗಳ ಅಂತ ಪರೀಕ್ಷಕರು ಹಿಡಿದರೆ ಇದನ್ನೇ ಹೇಳಿ.

ಕೊನೆಗೆ ನಿಮ್ಮ ಟ್ರಾಜೆಕ್ಟರಿಗಳು. ಕೆಳಗೆ ಸರಾಸರಿ ಎಷ್ಟು ಹೊತ್ತು ಇರುತ್ತದೆ, ಮೇಲೆ ಎಷ್ಟು ಹೊತ್ತು, ಎರಡನ್ನೂ ಅಳೆದು ವಿಲೋಮ ತಗೊಂಡು ಕೂಡಿಸಿ. ಆ ಮೊತ್ತ ಲಿಯುವಿಲಿಯನ್‌ನಿಂದ ಬಂದ ಗ್ಯಾಪಿಗೆ ಸಮ ಬರಬೇಕು. ಎರಡು ಬೇರೆ ಬೇರೆ ದಾರಿಯಿಂದ ಒಂದೇ ಸಂಖ್ಯೆ ಬಂದರೆ ಅದನ್ನು ಯಾರೂ ಅಲ್ಲಗಳೆಯಲು ಆಗುವುದಿಲ್ಲ. ಎನ್ ತುಂಬ ಸಣ್ಣದಿದ್ದಾಗ ಮೇಲೆ ಕೆಳಗೆ ಅಂತ ಸರಿಯಾಗಿ ಬೇರೆ ಮಾಡಲು ಬರುವುದಿಲ್ಲ, ಅಲ್ಲಿ ಸ್ವಲ್ಪ ವ್ಯತ್ಯಾಸ ಕಂಡರೆ ಗಾಬರಿ ಬೇಡ, ಎನ್ ಏರಿಸಿದ ಹಾಗೆ ಹತ್ತಿರ ಬರುತ್ತದೆ. ಪ್ಲಾಟ್ ಆದ ಮೇಲೆ ಇಲ್ಲೇ ಹಾಕಿ, ಪ್ರತಿ ಎನ್‌ಗೂ ಕಟಾಫ್ ಎಷ್ಟು ಇಟ್ಟಿರಿ ಅಂತಲೂ ಬರೆಯಿರಿ.